ಕೊಚ್ಚಿಯ ಸಿನಗಾಗ್‌ನಲ್ಲಿ ನೆಲದ ಮೇಲೆ ಕೂತವರು

ಕೊಚ್ಚಿಗೆ ಹೋಗಿ ಬಂದವರ ಫೋಟೋಗಳಲ್ಲಿ ಮಟ್ಟಾಂಚೇರಿಯ ಪರದೇಶಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಇದ್ದೇ ಇರುತ್ತದೆ. ಫೋಟೋದ ಕೆಳಗಿನ ಮಾತೂ ಹೆಚ್ಚುಕಮ್ಮಿ ಒಂದೇ: ಜಗತ್ತೆಲ್ಲ ಯಹೂದಿಗಳನ್ನು ಅಟ್ಟಾಡಿಸಿದಾಗ ನಮ್ಮ ನೆಲ ಅವರಿಗೆ ಜಾಗ ಕೊಟ್ಟಿತು. ಈ ಮಾತು ಸುಳ್ಳಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಇದೇ ಮಂದಿರದಲ್ಲಿ ನೆಲದ ಮೇಲೆ ಕೂತು, ಸಮಾನ ಜಾಗಕ್ಕಾಗಿ ಹೋರಾಡಿದ ಎ. ಬಿ. ಸೇಲಂ ಎಂಬ ದೊಡ್ಡ ಮನುಷ್ಯನಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಅವರಿಗಾಗಿಯೇ ಈ ಬರಹ. ಸ್ವಲ್ಪ ಉದ್ದ ಇದೆ, ಓದಿ.

ಮೊದಲು ಎಲ್ಲರಿಗೂ ಗೊತ್ತಿರುವ ಭಾಗ. ಯಹೂದಿಗಳ ಮೊದಲ ನೆಲೆ ಕೊಚ್ಚಿಯಲ್ಲ, ಕೊಡುಂಗಲ್ಲೂರು. ಸುಮಾರು ಕ್ರಿ.ಶ. 1000ದ ಹೊತ್ತಿಗೆ ಚೇರ ರಾಜ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಶಾಸನ ಬರೆಸಿಕೊಟ್ಟ. ವಟ್ಟೆಳುತ್ತು ಲಿಪಿಯ ಆ ಶಾಸನದಲ್ಲಿ 72 ಹಕ್ಕುಗಳ ಮಾತಿದೆ. ಪಲ್ಲಕ್ಕಿ, ಕೊಡೆ, ವಾದ್ಯ, ಹಗಲು ದೀಪ, ನಡೆಯುವ ದಾರಿಗೆ ಬಟ್ಟೆ ಹಾಸುವುದು, ಸುಂಕದ ವಿನಾಯಿತಿ. ಆ ಕಾಲಕ್ಕೆ ಇವೆಲ್ಲ ಎಷ್ಟು ದೊಡ್ಡ ಮರ್ಯಾದೆ ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. 1341ರಲ್ಲಿ ಪೆರಿಯಾರ್ ನದಿಗೆ ಭಾರೀ ನೆರೆ ಬಂತು. ಕೊಡುಂಗಲ್ಲೂರಿನ ಬಂದರು ಹೂಳು ತುಂಬಿ ಕೆಟ್ಟಿತು, ಕೊಚ್ಚಿಯ ಬಂದರು ಮೇಲೆದ್ದಿತು. ವ್ಯಾಪಾರ ಹೋದ ಕಡೆ ಜನರೂ ಹೋದರು. ಕೊಚ್ಚಂಗಾಡಿಯಲ್ಲಿ 1344ರಲ್ಲಿ ಒಂದು ಸಿನಗಾಗ್ ಕಟ್ಟಿದರು. ಕಟ್ಟಡ ಈಗಿಲ್ಲ. ಅದರ ಹೀಬ್ರೂ ಶಿಲಾಶಾಸನ ಮಾತ್ರ ಪರದೇಶಿ ಸಿನಗಾಗ್‌ನ ಗೋಡೆಯಲ್ಲಿ ಉಳಿದಿದೆ.

16ನೇ ಶತಮಾನದಲ್ಲಿ ಸ್ಪೇನ್, ಪೋರ್ಚುಗಲ್‌ಗಳಿಂದ ಓಡಿಬಂದ ಯಹೂದಿಗಳು, ಅರಬ್ ನಾಡುಗಳಿಂದ ಬಂದ ಯಹೂದಿಗಳು ಕೊಚ್ಚಿ ಸೇರಿದರು. ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. 1568ರಲ್ಲಿ ಹೊರಗಿನಿಂದ ಬಂದ ಈ ‘ಪರದೇಶಿ’ಗಳ ಸಿನಗಾಗ್ ಎದ್ದಿತು. ಅರಮನೆಯ ಆವರಣದಲ್ಲೇ ಪಳಯನ್ನೂರು ಭಗವತಿ ದೇವಸ್ಥಾನ, ಒಂದು ಗೋಡೆಯಾಚೆ ಯಹೂದಿಗಳ ಪ್ರಾರ್ಥನೆ. 1662ರಲ್ಲಿ ಪೋರ್ಚುಗೀಸರು ಸಿನಗಾಗ್ ಹಾಳು ಮಾಡಿದರು. ಮರುವರ್ಷ ಡಚ್ಚರು ಗೆದ್ದರು, ಅದು ಮತ್ತೆ ಎದ್ದಿತು. ಡಚ್ ಕಂಪನಿಯ ದೊಡ್ಡ ವರ್ತಕ ಎಜೆಕಿಯೆಲ್ ರಹಬಿ 18ನೇ ಶತಮಾನದಲ್ಲಿ ಗಡಿಯಾರದ ಗೋಪುರ ಕಟ್ಟಿಸಿದ. ನೆಲಕ್ಕೆ ಚೀನಾದಿಂದ ನೀಲಿ ಟೈಲ್ಸ್ ಬಂದವು. ಇವತ್ತು ನಾವು ಟಿಕೆಟ್ ತಗೊಂಡು ನೋಡುವುದು ಇದನ್ನೇ.

ಇನ್ನು ಜನ ಜಾಸ್ತಿ ಮಾತಾಡದ ಭಾಗ.

ಕೇರಳದ ಯಹೂದಿಗಳೆಂದರೆ ಪರದೇಶಿಗಳು ಮಾತ್ರ ಅಲ್ಲ. ಅವರು ಬರುವುದಕ್ಕೆ ನೂರಾರು ವರ್ಷ ಮೊದಲಿನಿಂದ ಇದ್ದವರು ಮಲಬಾರಿ ಯಹೂದಿಗಳು. ಮಟ್ಟಾಂಚೇರಿ, ಎರ್ನಾಕುಲಂ, ಪರವೂರು, ಚೇಂದಮಂಗಲಂ, ಮಾಳದಲ್ಲಿ ಅವರದೇ ಸಿನಗಾಗ್‌ಗಳಿದ್ದವು. ಸ್ವಾತಂತ್ರ್ಯದ ಹೊತ್ತಿಗೆ ಇಡೀ ಸಮುದಾಯ ಸುಮಾರು 2,400 ಜನ. ಅದರಲ್ಲಿ ಪರದೇಶಿಗಳು ನೂರರ ಆಸುಪಾಸು. ಅಂದರೆ ನಾವು ‘ಕೊಚ್ಚಿ ಯಹೂದಿಗಳ ಇತಿಹಾಸ’ ಅಂತ ಕೇಳಿಕೊಂಡು ಬಂದಿರುವುದು ಬಹುತೇಕ ಆ ನೂರು ಜನರ ಇತಿಹಾಸ. ದುಡ್ಡು ಅವರ ಬಳಿ ಇತ್ತು, ಅರಮನೆಯ ಮತ್ತು ಕಂಪನಿಯ ಸಂಪರ್ಕ ಅವರಿಗಿತ್ತು, ಬಿಳಿಯ ಪ್ರವಾಸಿಗಳು ಬಂದು ಮಾತಾಡಿಸುತ್ತಿದ್ದುದೂ ಅವರನ್ನೇ. ‘ಬಿಳಿ ಯಹೂದಿ’, ‘ಕಪ್ಪು ಯಹೂದಿ’ ಎಂಬ ಕೆಟ್ಟ ಹೆಸರುಗಳು ಬೇರೂರಿದ್ದು ಹೀಗೆ. ಒಂದೇ ದೇವರು, ಒಂದೇ ಧರ್ಮಗ್ರಂಥ ತೋರಾ, ಒಂದೇ ಬೀದಿ. ಆದರೂ ಇವರ ಮನೆಯ ಹೆಣ್ಣನ್ನು ಅವರು ತರುವುದಿಲ್ಲ, ಅವರ ಮನೆಗೆ ಇವರು ಕೊಡುವುದಿಲ್ಲ.

ಪರದೇಶಿ ಸಿನಗಾಗ್‌ನ ಒಳಗೇ ಇನ್ನೂ ಒಂದು ಮೆಟ್ಟಿಲು ಕೆಳಗೆ ಒಂದು ಗುಂಪಿತ್ತು. ಅವರನ್ನು ಮೆಶುಖ್ರಾರಿಂ ಎಂದು ಕರೆಯುತ್ತಿದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದವರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ಯಹೂದಿ ಧರ್ಮವನ್ನು ಪೂರ್ತಿ ಪಾಲಿಸುತ್ತಿದ್ದರು. ಆದರೆ ಬೆಂಚಿನ ಮೇಲೆ ಕೂರುವಂತಿಲ್ಲ. ಹೊರಗಿನ ಪಡಸಾಲೆಯಲ್ಲೋ, ಮೆಟ್ಟಿಲ ಮೇಲೋ, ನೆಲದ ಮೇಲೋ ಕೂರಬೇಕು. ತೋರಾ ಓದಲು ಕರೆಯುವುದಿಲ್ಲ. ಪರದೇಶಿ ಮನೆತನಗಳ ಜೊತೆ ಮದುವೆಯಂತೂ ಇಲ್ಲವೇ ಇಲ್ಲ.

‘ಅದು ಅವರ ಶಾಸ್ತ್ರದಲ್ಲೇ ಇತ್ತೇನೋ’ ಅಂತ ಅನ್ನಿಸಬಹುದು. ಇರಲಿಲ್ಲ. 1520ರ ಸುಮಾರಿಗೆ, ಅಂದರೆ ಈ ಸಿನಗಾಗ್ ಕಟ್ಟುವುದಕ್ಕೂ ಮೊದಲು, ಕೊಚ್ಚಿಯಿಂದ ಕೈರೋಗೆ ಒಂದು ಪ್ರಶ್ನೆ ಹೋಗಿತ್ತು. ಕುಲೀನರು ಎನಿಸಿಕೊಂಡ ಕೆಲವರು ಉಳಿದವರನ್ನು ಗುಲಾಮರ ಸಂತಾನ ಎಂದು ದೂರವಿಡುತ್ತಿದ್ದಾರೆ, ಇದು ಸರಿಯೇ? ಆ ಕಾಲದ ಬಹುದೊಡ್ಡ ರಬ್ಬಿ (ಯಹೂದಿ ಧರ್ಮಗುರು) ಡೇವಿಡ್ ಇಬ್ನ್ ಜಿಮ್ರಾ ಉತ್ತರ ಕೊಟ್ಟರು. ಕ್ರಮಬದ್ಧವಾಗಿ ದೀಕ್ಷೆ ಆದರೆ ಅವರೂ ಪೂರ್ತಿ ಯಹೂದಿಗಳೇ, ಮದುವೆಗೂ ಅಡ್ಡಿಯಿಲ್ಲ. ಇಷ್ಟು ಸ್ಪಷ್ಟ ಉತ್ತರ ಬಂದ ಮೇಲೂ ಕೊಚ್ಚಿಯಲ್ಲಿ 400 ವರ್ಷ ಏನೂ ಬದಲಾಗಲಿಲ್ಲ. ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. ಗ್ರಂಥ ಬೇಡ ಎಂದರೂ ಬೀದಿ ಬಿಡುವುದಿಲ್ಲ.

ನಮ್ಮ ಮಂಗಳೂರಿನ ಒಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾದ ಯಹೂದಿ ವರ್ತಕ ಮಂಗಳೂರಿನಲ್ಲಿದ್ದ. 1132ರಲ್ಲಿ ಆತ ಅಶು ಎಂಬ ಇಲ್ಲಿನ ಹೆಣ್ಣನ್ನು ಗುಲಾಮಗಿರಿಯಿಂದ ಬಿಡಿಸಿದ. ಆ ಬಿಡುಗಡೆ ಪತ್ರ ಕೈರೋದ ಹಳೆಯ ಸಿನಗಾಗ್‌ನ ಕಾಗದದ ರಾಶಿಯಲ್ಲಿ ಸಿಕ್ಕಿದೆ. ಅವಳ ಜೊತೆ ಸಂಸಾರ ಮಾಡಿದ, ಮಕ್ಕಳಾದರು. ಮುಂದೆ ಮಗಳನ್ನು ತನ್ನ ಸ್ವಂತ ಸೋದರನ ಮಗನಿಗೇ ಕೊಟ್ಟು ಈಜಿಪ್ಟಿನಲ್ಲಿ ಮದುವೆ ಮಾಡಿಸಿದ. ಬಿಡುಗಡೆಯಾದ ತಾಯಿಯ ಮಗಳು ಮನೆಯ ಸೊಸೆಯಾದಳು. ಹಾಗಾದರೆ ಕೊಚ್ಚಿಯಲ್ಲಿ ಯಾಕೆ ಆಗಲಿಲ್ಲ? ಈ ಮೇಲುಕೀಳನ್ನು ಅವರು ನಮ್ಮಿಂದಲೇ ಕಲಿತರು ಅಂತ ನಾನು ನಂಬುತ್ತೇನೆ. ಸುತ್ತಲೂ ಜಾತಿಯ ಏಣಿ ಇರುವ ಊರಿನಲ್ಲಿ ಮೇಲಿನ ಮೆಟ್ಟಿಲು ಸಿಕ್ಕವರು, ತಮ್ಮ ಕೆಳಗೂ ಯಾರಾದರೂ ಇರಲಿ ಎಂದು ಬಯಸಿದರು. ಹಾಗಾಗಿ ‘ನಾವು ಅವರಿಗೆ ಆಶ್ರಯ ಕೊಟ್ಟೆವು’ ಎಂದು ಹೆಮ್ಮೆಪಡುವಾಗ, ಆಶ್ರಯದ ಜೊತೆ ಇದನ್ನೂ ಕೊಟ್ಟೆವು ಎನ್ನುವುದನ್ನು ಮರೆಯಬಾರದು ಅಲ್ವಾ?

ಈಗ ಸೇಲಂ ಬಗ್ಗೆ. ಅಬ್ರಹಾಂ ಬರಾಕ್ ಸೇಲಂ ಹುಟ್ಟಿದ್ದು 1882ರಲ್ಲಿ, ಮೆಶುಖ್ರಾರ್ ಮನೆಯಲ್ಲಿ. ಮದ್ರಾಸಿನಲ್ಲಿ ಓದಿ ವಕೀಲರಾದರು. ಕೊಚ್ಚಿ ಯಹೂದಿಗಳಲ್ಲಿ ಮೊದಲ ಪದವೀಧರ ಅವರೇ. ಯಾರನ್ನು ನೆಲದ ಮೇಲೆ ಕೂರಿಸುತ್ತಿದ್ದರೋ, ಆ ಗುಂಪಿನಿಂದಲೇ ಇಡೀ ಸಮುದಾಯದ ಮೊದಲ ಪದವೀಧರ ಬಂದರು. ಕೊಚ್ಚಿ ಸಂಸ್ಥಾನದ ವಿಧಾನ ಪರಿಷತ್ತಿನಲ್ಲಿ ಸದಸ್ಯರಾಗಿದ್ದರು. ಕಾರ್ಮಿಕರ ಪರ ದುಡಿದರು. 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೂ ಹೋದರು. ಹೊರಗೆ ಇಷ್ಟು ದೊಡ್ಡ ಹೆಸರು. ಶನಿವಾರ ಪ್ರಾರ್ಥನೆಗೆ ಬಂದರೆ ಅದೇ ನೆಲ.

ಅವರು ಗಾಂಧಿ ದಾರಿ ಹಿಡಿದರು. ಹತ್ತಿರದ ವೈಕಂನಲ್ಲಿ 1924ರಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಗಾಗಿ ಸತ್ಯಾಗ್ರಹ ನಡೆದದ್ದು ಅವರ ಕಣ್ಣೆದುರಿನ ಪಾಠ. ಸೇಲಂ ತಮ್ಮದೇ ಪ್ರಾರ್ಥನಾ ಮಂದಿರದಲ್ಲಿ ಸತ್ಯಾಗ್ರಹ ಮಾಡಿದರು. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋದರು. ಹೊಡೆದಾಟವಿಲ್ಲ, ಹೊಸ ಸಿನಗಾಗ್ ಕಟ್ಟಿ ಬೇರೆ ಹೋಗುವ ಮಾತಿಲ್ಲ. ಅದೇ ಮನೆಯಲ್ಲಿ, ಅದೇ ಬೆಂಚು ಬೇಕು. ವರ್ಷಗಟ್ಟಲೆ ಹಿಡಿಯಿತು. 1940ರ ದಶಕದ ಆರಂಭದ ಹೊತ್ತಿಗೆ ಬೆಂಚೂ ಸಿಕ್ಕಿತು, ತೋರಾ ಓದುವ ಅವಕಾಶವೂ ಬಂತು, ಒಂದೊಂದಾಗಿ. ಮದುವೆಯ ಗೋಡೆ ಇನ್ನೂ ಗಟ್ಟಿಯಾಗಿತ್ತು. 1950ರಲ್ಲಿ ಸೇಲಂ ಅವರ ಮಗ ಪರದೇಶಿ ಮನೆತನದ ಹುಡುಗಿಯನ್ನು ಮದುವೆಯಾದಾಗ, ಮದುವೆ ಮುಂಬೈಯಲ್ಲಿ ಆಗಬೇಕಾಯಿತು. ಊರಲ್ಲಿ ಅಷ್ಟು ವಿರೋಧ.

‘ಯಹೂದಿ ಗಾಂಧಿ’ ಎಂದು ಜನ ಅವರನ್ನು ಕರೆದರು. 1967ರಲ್ಲಿ ತೀರಿಕೊಂಡರು. ಯಹೂದಿ ಬೀದಿಯಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ. ಸಿನಗಾಗ್ ನೋಡಲು ಸಾಲು ನಿಲ್ಲುವವರಲ್ಲಿ ಆ ಹೆಸರು ಯಾರದು ಎಂದು ಕೇಳುವವರು ಬಹಳ ಕಡಿಮೆ. ನನಗೆ ಇದು ನಿಜಕ್ಕೂ ನೋವು ಕೊಡುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ಹೆಂಗಸರ ಹಾಡುಗಳದು. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳಂನಲ್ಲಿ ಹಾಡು ಕಟ್ಟಿ, ನೋಟ್‌ಬುಕ್‌ಗಳಲ್ಲಿ ಬರೆದಿಟ್ಟು, ಮದುವೆ ಹಬ್ಬಗಳಲ್ಲಿ ಗಂಡಸರ ಎದುರೇ ಗಟ್ಟಿಯಾಗಿ ಹಾಡುತ್ತಿದ್ದರು. ಎಷ್ಟೋ ಹಾಡುಗಳು ಮಲಬಾರಿ ಹೆಂಗಸರ ನೋಟ್‌ಬುಕ್‌ನಲ್ಲೂ ಇವೆ, ಪರದೇಶಿ ಹೆಂಗಸರ ನೋಟ್‌ಬುಕ್‌ನಲ್ಲೂ ಇವೆ. ಗಂಡಸರು ಬೆಂಚಿಗಾಗಿ ಜಗಳ ಆಡುತ್ತಿದ್ದಾಗ ಹಾಡುಗಳು ಮನೆಯಿಂದ ಮನೆಗೆ ಓಡಾಡಿಕೊಂಡಿದ್ದವು.

ಅಷ್ಟರಲ್ಲಿ ಊರೇ ಖಾಲಿಯಾಯಿತು. 1948ರಲ್ಲಿ ಇಸ್ರೇಲ್ ಹುಟ್ಟಿತು. ಮಲಬಾರಿ ಯಹೂದಿಗಳು ಮನೆ ಮಾರಿ ಹೊರಟು ಕೂತರು. ಆನೆಕಾಲು ರೋಗದ ಭಯದಿಂದ ಇಸ್ರೇಲ್ ಅವರನ್ನು ಕರೆಸಿಕೊಳ್ಳಲು ತಡ ಮಾಡಿತು. ಹೆಚ್ಚಿನವರು ಹೋದದ್ದು 1953ರಿಂದ 55ರ ನಡುವೆ. ಹಿನ್ನೀರಿನ ಊರಿನವರು ನೆಗೆವ್ ಮರುಭೂಮಿಯ ನೆವಾಟಿಂನಲ್ಲಿ ಬದುಕು ಕಟ್ಟಿ, ಹೂವು ಬೆಳೆದು ಹೆಸರು ಮಾಡಿದರು. ಇತ್ತ 1968ರಲ್ಲಿ ಪರದೇಶಿ ಸಿನಗಾಗ್‌ಗೆ 400 ವರ್ಷ ತುಂಬಿತು. ಪ್ರಧಾನಿ ಇಂದಿರಾ ಗಾಂಧಿ ಬಂದರು, ಅಂಚೆಚೀಟಿ ಬಂತು. ಅಷ್ಟು ಹೊತ್ತಿಗೆ ಮಲಬಾರಿಗಳ ಹೆಚ್ಚಿನ ಸಿನಗಾಗ್‌ಗಳಿಗೆ ಬೀಗ ಬಿದ್ದಿತ್ತು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಒಳಗಿನ ಮರದ ಕೆತ್ತನೆಯ ಬಹುಭಾಗ ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಇಲ್ಲಿ ಉಳಿದಿದ್ದ ಗೋಡೆಗಳ ಒಂದು ಭಾಗ 2019ರ ಸೆಪ್ಟೆಂಬರ್ ಮಳೆಗೆ ಕುಸಿಯಿತು. 2024ರ ಆಗಸ್ಟ್‌ನಲ್ಲಿ ಪರದೇಶಿ ಸಮುದಾಯದ ಕೊನೆಯ ಮಹಿಳೆಯೂ ತೀರಿಕೊಂಡರು.

ಕೊಚ್ಚಿಗೆ ಹೋಗುವ ಪ್ಲಾನ್ ಇದ್ದರೆ ಸುಮ್ನೆ ಮಟ್ಟಾಂಚೇರಿ ನೋಡಿ ವಾಪಸ್ ಬರಬೇಡಿ. ಎರ್ನಾಕುಲಂ ಮಾರ್ಕೆಟ್ ಹತ್ತಿರ ಕಡವುಂಭಾಗಂ ಎಂಬ ಅದೇ ಹೆಸರಿನ ಇನ್ನೊಂದು ಸಿನಗಾಗ್ ಇದೆ, ಹುಡುಕಿ. ಮುಂದುಗಡೆ ಗಿಡಗಳ, ಅಕ್ವೇರಿಯಂ ಮೀನುಗಳ ಅಂಗಡಿ, ಒಳಗೆ ಸಿನಗಾಗ್. ಒಬ್ಬ ಮಲಬಾರಿ ಯಹೂದಿ ಅಂಗಡಿ ನಡೆಸಿಕೊಂಡೇ ಅದನ್ನು ಉಳಿಸಿದರು. ಅರ್ಧ ದಿನ ಸಿಕ್ಕರೆ ಪರವೂರು ಮತ್ತು ಚೇಂದಮಂಗಲಂ ನೋಡಿ, ಎರಡನ್ನೂ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಚೇಂದಮಂಗಲಂ ಸಿನಗಾಗ್ ಎದುರು 1269ರ ಒಂದು ಹೀಬ್ರೂ ಸಮಾಧಿ ಕಲ್ಲಿದೆ, ಸಾರಾ ಎಂಬ ಹೆಣ್ಣಿನದು. ಪರದೇಶಿ ಸಿನಗಾಗ್‌ಗೆ ಹೋದಾಗ ಗೈಡ್ ಟೈಲ್ಸ್ ತೋರಿಸಿ ಮುಗಿಸಿದ ಮೇಲೆ ಸೇಲಂ ಎಲ್ಲಿ ಕೂರುತ್ತಿದ್ದರು ಎಂದು ಕೇಳಿ. ಶನಿವಾರ ಬಾಗಿಲು ಹಾಕಿರುತ್ತಾರೆ, ಬೇರೆ ದಿನ ಹೋಗಿ.