ಗೇಜಾ ಜಿಚಿಯವರ ಎಡಗೈ

ಒಂದೇ ಕೈಯ ಪಿಯಾನೊ ವಾದಕ ಎಂದೊಡನೆ ಪಾಶ್ಚಾತ್ಯ ಸಂಗೀತ ಬಲ್ಲವರಿಗೆ ನೆನಪಾಗುವವರು ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡು, ಮುಂದೆ ಫ್ರೆಂಚ್ ಸಂಗೀತ ರಚನೆಕಾರ ರಾವೆಲ್ ಅವರಿಂದ ಕಾನ್ಸರ್ಟೊ (ವಾದ್ಯವೃಂದದೊಡನೆ ಒಬ್ಬ ವಾದಕ ನುಡಿಸುವ ಕೃತಿ) ಬರೆಸಿಕೊಂಡ ಪೌಲ್ ವಿಟ್‌ಗೆನ್‌ಸ್ಟೈನ್. ಅವರಿಗಿಂತ ದಶಕಗಳ ಮೊದಲೇ ಅದೇ ಹಾದಿಯಲ್ಲಿ ನಡೆದು, ತಮ್ಮ ಕೈಗೆ ಬೇಕಾದ ಸಂಗೀತವನ್ನು ತಾವೇ ರಚಿಸಿಕೊಂಡ ಹಂಗೇರಿಯ ಗೇಜಾ ಜಿಚಿಯವರನ್ನು ನಾವು ಮರೆತಿರುವುದು ನನಗೆ ಬಹಳ ಕಾಲದಿಂದ ನೋವುಂಟುಮಾಡಿರುವ ಸಂಗತಿ.

1849ರಲ್ಲಿ ಸಿರಿವಂತ ಮನೆತನದಲ್ಲಿ ಹುಟ್ಟಿದ ಜಿಚಿ ಹದಿಹರೆಯದಲ್ಲಿ ಬೇಟೆಗೆ ಹೋದಾಗ ನಡೆದ ಅವಘಡದಲ್ಲಿ ಬಲಗೈ ಕಳೆದುಕೊಂಡರು. ಆದರೂ ಪಿಯಾನೊ ಬಿಡದೆ ಹೆಸರಾಂತ ಪಿಯಾನೊ ವಾದಕ, ರಚನೆಕಾರ ಫ್ರಾನ್ಜ್ ಲಿಸ್ಟ್ ಅವರ ಶಿಷ್ಯರಾದರು. ಎಡಗೈಗೆಂದೇ ಶಿಷ್ಯ ರಚಿಸಿದ ಆರು ಅಭ್ಯಾಸಕೃತಿಗಳಿಗೆ ಗುರುವೇ ಮುನ್ನುಡಿ ಬರೆದರು. ಕಛೇರಿಗಳಿಂದ ಬಂದ ಹಣವನ್ನು ಜಿಚಿ ದಾನಕ್ಕೆ ಕೊಡುತ್ತಿದ್ದರು.

ಅಂದಿನ ಜನ ಅವರನ್ನು ಒಂದು ಪವಾಡವೆಂಬಂತೆ ನೋಡಿದರು. ನನ್ನ ಅಭಿಪ್ರಾಯದಲ್ಲಿ ಅದು ಪವಾಡವಲ್ಲ, ಲೆಕ್ಕಾಚಾರವುಳ್ಳ ಕಸುಬು. ಎಡಗೈಯ ಹೆಬ್ಬೆರಳು ಪಿಯಾನೊದ ತಾರಸ್ವರಗಳ ಕಡೆಗಿರುವುದರಿಂದ ಬಲಿಷ್ಠವಾದ ಆ ಬೆರಳಿಗೇ ರಾಗದ ಎಳೆಯನ್ನು ಒಪ್ಪಿಸಬಹುದು. ಕಿರುಬೆರಳು ಮಂದ್ರಸ್ವರವೊಂದನ್ನು ನುಡಿಸಿದ ಕ್ಷಣದಲ್ಲೇ ಕಾಲು ಪೆಡಲ್ ಒತ್ತಿ ಆ ನಾದವನ್ನು ಉಳಿಸಿಕೊಂಡರೆ, ಕೈ ಅಷ್ಟರಲ್ಲಿ ಮೇಲಕ್ಕೆ ಜಿಗಿದು ಉಳಿದ ಸ್ವರಗಳನ್ನು ತುಂಬುತ್ತದೆ, ಮತ್ತು ಕೇಳುವವರ ಕಿವಿಗೆ ಎರಡು ಕೈಗಳ ವಾದನವೇ ಕೇಳಿಸುತ್ತದೆ. ಕಣ್ಣು ಮುಚ್ಚಿ ಕೇಳುವುದೇ ಈ ಸಂಗೀತಕ್ಕೆ ಸಲ್ಲಬೇಕಾದ ಗೌರವವೆಂದು ನಾನು ನಂಬಿದ್ದೇನೆ.

ಜಿಚಿ ಎಡಗೈಗಾಗಿ ಕಾನ್ಸರ್ಟೊ ಬರೆದರು, ಹಂಗೇರಿಯ ಸ್ವಾತಂತ್ರ್ಯ ಹೋರಾಟದ ನಾಯಕ ರಾಕೋಟ್ಸಿಯ ಬದುಕನ್ನು ಕುರಿತ ಮೂರು ಒಪೆರಾಗಳನ್ನೂ (ಸಂಗೀತ ನಾಟಕಗಳನ್ನೂ) ರಚಿಸಿದರು. 1891ರಲ್ಲಿ ಬುಡಾಪೆಸ್ಟ್‌ನ ರಾಜ ಒಪೆರಾ ರಂಗಮಂದಿರದ ಮುಖ್ಯಸ್ಥರಾದಾಗ ಅಲ್ಲಿ ನಿರ್ದೇಶಕರಾಗಿದ್ದ ಸಂಗೀತ ರಚನೆಕಾರ ಗುಸ್ತಾವ್ ಮಾಹ್ಲರ್ ಅವರೊಡನೆ ವಿರಸವುಂಟಾಗಿ, ಮಾಹ್ಲರ್ ಆ ವರ್ಷವೇ ಹುದ್ದೆ ಬಿಟ್ಟು ಹ್ಯಾಂಬರ್ಗ್‌ಗೆ ಹೋದರು. ಆ ವಿಷಯದಲ್ಲಿ ನನ್ನ ಮನಸ್ಸು ಮಾಹ್ಲರ್ ಅವರ ಕಡೆಗೇ ಇದೆ. ಕೈಯಿಲ್ಲದವರೆಂಬ ಕಾರಣಕ್ಕೆ ಜಿಚಿಯವರ ಆಡಳಿತಕ್ಕೆ ರಿಯಾಯಿತಿ ತೋರಿಸುವುದು ಕನಿಕರವಾದೀತೇ ಹೊರತು ಗೌರವವಾಗದು.

ಅವರ ಬದುಕಿನಲ್ಲಿ ನನ್ನನ್ನು ಅತಿಯಾಗಿ ತಟ್ಟಿದ ಸಂಗತಿ ಯಾವ ವೇದಿಕೆಯದೂ ಅಲ್ಲ. ಯುದ್ಧ ನಡೆಯುತ್ತಿದ್ದ 1915ರಲ್ಲಿ, ಕೈ ಕಳೆದುಕೊಂಡ ಯೋಧರ ಸಂಖ್ಯೆ ದಿನದಿನಕ್ಕೆ ಏರುತ್ತಿದ್ದಾಗ, ಅರವತ್ತೈದು ದಾಟಿದ ಜಿಚಿ ಒಂದೇ ಕೈಯುಳ್ಳವರಿಗಾಗಿ ಒಂದು ಪುಸ್ತಕ ಬರೆದರು. ಬಟ್ಟೆ ತೊಡುವುದು, ಊಟ ಮಾಡುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಪರರ ನೆರವಿಲ್ಲದೆ ಮಾಡಿಕೊಳ್ಳುವ ಬಗೆಯನ್ನು, ತಾವು ಬಾಲ್ಯದಿಂದ ಒಬ್ಬರೇ ಕಲಿತದ್ದನ್ನೆಲ್ಲ, ಆ ಹುಡುಗರಿಗೆ ಅದರಲ್ಲಿ ಹೇಳಿಕೊಟ್ಟರು.