ಒಂದೇ ಗೇಟು, ಎರಡು ತೀರ್ಪು

ಸೈಕಲ್ ರೇಸಿನ ತೀರ್ಪುಗಾರರು ಒಂದೇ ತಪ್ಪಿಗೆ ಒಂದೇ ಶಿಕ್ಷೆ ಕೊಡಲು ಕಲಿಯಲಿ ಎಂದು ನಮ್ಮ ಜಿಲ್ಲೆಯಲ್ಲಿ ನಡೆದ ಒಂದು ದಿನದ ತರಬೇತಿಯ ಫೋಟೊ ನೀವೂ ನೋಡಿರುತ್ತೀರಿ. ವೇದಿಕೆಯ ಮೇಲಿದ್ದವರು ಕೆಳಗಿದ್ದವರಿಗಿಂತ ಹೆಚ್ಚು. ಉದ್ಘಾಟನೆ, ಭಾಷಣ, ಊಟ; ಊಟವಾದ ಮೇಲೆ ನಿಯಮಾವಳಿಯ ಪಾರಾಯಣ, ತೂಕಡಿಕೆ, ಪ್ರಮಾಣಪತ್ರ. ಏಕರೂಪತೆ ಬಂದೇ ಬಂತು ಮಾರಾಯ್ರೆ: ಎಲ್ಲ ಪ್ರಮಾಣಪತ್ರದಲ್ಲೂ ಅದೇ ಅಕ್ಷರದೋಷ.

ಕರಾವಳಿಯ ತೀರ್ಪುಗಾರನಿಗೆ ಮೊದಲ ಪಾಠ ರೈಲ್ವೆ ಗೇಟಿನದ್ದಾಗಬೇಕಿತ್ತು. ಕಾರವಾರದಿಂದ ಭಟ್ಕಳದವರೆಗೆ ಕೊಂಕಣ ರೈಲ್ವೆ ಹಾದುಹೋಗುವ ಜಿಲ್ಲೆಯಲ್ಲಿ ಗೇಟು ಬೀಳುವುದೇನು ಅಪರೂಪವೇ? ಅಂತರರಾಷ್ಟ್ರೀಯ ನಿಯಮ ಸ್ಪಷ್ಟವಾಗಿದೆ. ಮುಂದಿದ್ದವನಿಗೆ 30 ಸೆಕೆಂಡಿಗಿಂತ ಹೆಚ್ಚು ಅಂತರವಿದ್ದು, ಗೇಟು ಏಳುವ ಮೊದಲೇ ಹಿಂದಿನವರು ಬಂದು ಕೂಡಿಕೊಂಡರೆ, ಎಲ್ಲರನ್ನೂ ನಿಲ್ಲಿಸಿ ಹಳೆಯ ಅಂತರದಲ್ಲೇ ಮತ್ತೆ ಬಿಡಬೇಕು. ಅಂತರ ಅದಕ್ಕಿಂತ ಕಡಿಮೆಯಿದ್ದರೆ ಅವನ ಹಣೆಬರಹ. ಬಿದ್ದ ಗೇಟು ದಾಟಿದವನು ರೇಸಿನಿಂದ ಹೊರಗೆ. ಇದನ್ನು ಜಾರಿ ಮಾಡಬೇಕಾದರೆ ರೇಸಿನ ಜೊತೆ ಮೋಟಾರ್ ಬೈಕಿನಲ್ಲಿ ಸಾಗುವ ತೀರ್ಪುಗಾರರು ಗೇಟಿಗೆ ಮೊದಲೇ ಒಂದು ಕಿಲೋಮೀಟರ್ ಕಲ್ಲಿನ ಹತ್ತಿರ ಸ್ಟಾಪ್‌ವಾಚ್ ಒತ್ತಿ ಅಂತರ ಬರೆದಿಟ್ಟುಕೊಂಡಿರಬೇಕು. ನಮ್ಮ ಬೈಕುಗಳಲ್ಲಿ ಕುಳಿತವರು ವಿಡಿಯೊ ಮಾಡುತ್ತಿರುತ್ತಾರೆ.

ದೊಡ್ಡ ರೇಸುಗಳ ತೀರ್ಪುಗಾರರೇನು ಕಡಿಮೆಯಿಲ್ಲ. 2006ರಲ್ಲಿ ಫ್ರಾನ್ಸಿನ ಪ್ಯಾರಿಸ್–ರೂಬೆ ರೇಸಿನಲ್ಲಿ ಬಿದ್ದ ಗೇಟು ದಾಟಿದ್ದಕ್ಕೆ ಎರಡು, ಮೂರು, ನಾಲ್ಕನೆಯವರನ್ನು ಪಟ್ಟಿಯಿಂದ ಕಿತ್ತರು. 2015ರಲ್ಲಿ ಅದೇ ರೇಸು, ಮತ್ತೆ ಬಿದ್ದ ಗೇಟು, ದಾಟಿದವರು ಇನ್ನೂ ಹೆಚ್ಚು, ಹಿಂದೆಯೇ ರೈಲು. ಒಬ್ಬನೂ ಅನರ್ಹನಾಗಲಿಲ್ಲ. 2017ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಪ್ರಿಂಟಿನಲ್ಲಿ ಎದುರಾಳಿ ಬಿದ್ದದ್ದಕ್ಕೆ ಪೀಟರ್ ಸಗಾನ್‌ಗೆ ಮೊದಲು 30 ಸೆಕೆಂಡಿನ ದಂಡ, ಸಂಜೆಯೊಳಗೆ ರೇಸಿನಿಂದಲೇ ಗೇಟ್‌ಪಾಸ್. ಡಿಸೆಂಬರಿನಲ್ಲಿ 'ಅದು ಬೇಕೆಂದು ಮಾಡಿದ್ದಲ್ಲ' ಎಂಬ ಜ್ಞಾನೋದಯ. ಇಂಥವರು ಕಾಲುಚೀಲದ ವಿಷಯದಲ್ಲಿ ಮಾತ್ರ ಅಚಲ. ಹರಡಿನಿಂದ ಮೊಣಕಾಲಿನವರೆಗಿನ ಅರ್ಧ ದೂರ ಮೀರುವಂತಿಲ್ಲ, ಅಳೆಯಲು ಪಟ್ಟಿಯೇ ಇದೆ. ದೇವಿಮನೆ ಘಟ್ಟದ ಹೊಂಡಗಳಿಗೂ ಹೀಗೊಂದು ಅರ್ಧಮಟ್ಟ ಗೊತ್ತು ಮಾಡಿದ್ದರೆ ಇಳಿಜಾರಿನಲ್ಲಿ ಹುಡುಗರ ಹಲ್ಲು ಉಳಿಯುತ್ತಿತ್ತು.

ತರಬೇತಿ ಎಂದರೆ ಪಾರಾಯಣವಲ್ಲ. ಇಪ್ಪತ್ತು ವಿಡಿಯೊ ತುಣುಕು ತನ್ನಿ. ಮೊದಲು ಮಾಮೂಲಿ ವೇಗದಲ್ಲೇ ತೋರಿಸಿ; ನಿಧಾನಕ್ಕೆ ಓಡಿಸಿದರೆ ಪ್ರತಿ ಮೊಣಕೈಯೂ ಬೇಕೆಂದೇ ಎತ್ತಿದಂತೆ ಕಾಣುತ್ತದೆ. ಪ್ರತಿಯೊಬ್ಬರೂ ಬಾಯಿ ಬಿಡದೆ ತೀರ್ಪು, ನಿಯಮದ ಸಂಖ್ಯೆ, ಕಾರಣ ಬರೆಯಲಿ. ಹಿರಿಯರು ಮೊದಲು ಮಾತಾಡಿದರೆ ಕೆಟ್ಟಿತು, ಉಳಿದವರದ್ದು ಬರೀ ತಲೆಯಾಡಿಸುವ ಕೆಲಸ. ಚೀಟಿ ಬಿಚ್ಚಿ, ಎಲ್ಲಿ ಒಡಕಿದೆಯೋ ಅಲ್ಲಿ ಜಗಳವಾಡಿ, ಕೊನೆಗೆ ಒಪ್ಪಿದ್ದನ್ನು ಕಡತಕ್ಕೆ ಹಾಕಿ. ಮೂರು ತಿಂಗಳ ಮೇಲೆ ಅವೇ ತುಣುಕುಗಳನ್ನು ಕಲಸಿ ತೋರಿಸಿ, ಅದೇ ಮನುಷ್ಯ ಅದೇ ತೀರ್ಪು ಕೊಡುತ್ತಾನೋ ನೋಡಿ. ಶಿರಸಿಯಲ್ಲಿ ಅಡಿಕೆ ಆರಿಸುವ ಹೆಂಗಸರು ರಾಶಿ ಯಾವುದು, ಬೆಟ್ಟೆ ಯಾವುದು ಎಂದು ಪ್ರಮಾಣಪತ್ರವಿಲ್ಲದೆಯೇ ಒಂದೇ ಕೈಯಲ್ಲಿ ಬೇರ್ಪಡಿಸುತ್ತಾರೆ.

ಇನ್ನು ಮುಕ್ತಾಯದ ಗೆರೆ. ನಿಯಮದ ಪ್ರಕಾರ 72 ಸೆಂಟಿಮೀಟರ್ ಬಿಳಿ ಪಟ್ಟಿಯ ನಡುವೆ 4 ಸೆಂಟಿಮೀಟರ್ ಕಪ್ಪು ಗೆರೆ. ಅದಕ್ಕೆ ಮುಟ್ಟಬೇಕಾದ್ದು ಮುಂದಿನ ಟೈರಿನ ಅಂಚು, ಸವಾರನ ಮೂಗಲ್ಲ. ನಮ್ಮಲ್ಲಿ ಡಬ್ಬಿಯಿಂದ ಚೆಲ್ಲಿದ ಸುಣ್ಣದ ಪುಡಿ, ಸಣ್ಣ ಮಕ್ಕಳ ರೇಸಿಗೇ ಅಳಿಸಿಹೋಗಿರುತ್ತದೆ. ತೀರ್ಪುಗಾರರು ನೆರಳು ಹುಡುಕಿ ಗೆರೆಯಿಂದ ಎರಡು ಹೆಜ್ಜೆ ಆಚೆ ಓರೆಯಾಗಿ ನಿಲ್ಲುತ್ತಾರೆ. ಓರೆಯಾಗಿ ನಿಂತವರ ಕಣ್ಣಿಗೆ ಸ್ಪ್ರಿಂಟಿನಲ್ಲಿ ಅರ್ಧ ಚಕ್ರ ಹಿಂದಿದ್ದವನೂ ಗೆದ್ದಂತೆ ಕಾಣಬಹುದು. ಗೆರೆಯ ನೇರಕ್ಕೆ ಆಚೆ ಬದಿಯಲ್ಲಿ ಒಂದು ಕಂಬ ನೆಟ್ಟು, ಈಚೆಯಿಂದ ಕಣ್ಣು, ಗೆರೆ, ಕಂಬ ಮೂರನ್ನೂ ಒಂದು ಸಾಲಿಗೆ ತಂದು ನಿಂತರೆ ಮುಗಿಯಿತು. ಖರ್ಚು ಒಂದು ಬಿದಿರು.

ತೀರ್ಪುಗಾರರೇ, ಒಂದು ಬಿದಿರು ನೆಡಲಾಗುವುದಿಲ್ಲವೇ ನಿಮಗೆ? ಸೈಕಲ್ ಎಂದರೆ ವಿಜಯಪುರ, ಬಾಗಲಕೋಟೆ ಎಂದು ಹೇಳಿ ಕೈತೊಳೆದುಕೊಳ್ಳುತ್ತೀರಿ. ಇಲ್ಲಿನ ಹುಡುಗಿ ಬೆಳಗಿನ ಜಾವ ಎದ್ದು, ಲಾರಿಗಳ ನಡುವೆ ಹೆದ್ದಾರಿಯಲ್ಲಿ ಪೆಡಲ್ ತುಳಿದು, ಸಾಲದ ಸೈಕಲ್ಲಿನಲ್ಲಿ ಬಂದಿರುತ್ತಾಳೆ. ಮೂರನೆಯ ಸ್ಥಾನಕ್ಕೂ ನಾಲ್ಕಕ್ಕೂ ನಡುವೆ ಇರುವುದು ಕಾಲೇಜಿನ ಕ್ರೀಡಾ ಕೋಟಾದ ಸೀಟು. ಅದನ್ನು ನೀವು ನೆರಳಿನಲ್ಲಿ ನಿಂತು, ಅಂದಾಜಿನಲ್ಲಿ ಹಂಚುತ್ತೀರಿ.

ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆಯಂತೆ. ಲಿಖಿತವಾಗಿ, ಶುಲ್ಕ ಕಟ್ಟಿ, ಅರ್ಧ ಗಂಟೆಯೊಳಗೆ. ಅದನ್ನು ವಿಚಾರಣೆ ಮಾಡುವವರು ಗೆರೆಯ ಹತ್ತಿರ ಓರೆಯಾಗಿ ನಿಂತಿದ್ದವರೇ.