ಸ್ಪಷ್ಟನೆ: ಸ್ಟೂಡೆಂಟ್ ಅಫೇರ್ಸ್ ಓದಿದರೆ 3 ವರ್ಷದ ಒಪಿಟಿ ಸಿಗಲ್ಲ

ಅಮೆರಿಕದಲ್ಲಿ ಸ್ಟೂಡೆಂಟ್ ಅಫೇರ್ಸ್ ಮಾಸ್ಟರ್ಸ್ ಮುಗಿಸಿದವರು ಒಪಿಟಿಯಲ್ಲಿ (ವಿದೇಶಿ ವಿದ್ಯಾರ್ಥಿಗಳಿಗೆ ಓದಿದ ವಿಷಯದಲ್ಲೇ ಅಲ್ಲಿ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿ) 3 ವರ್ಷ ಕೆಲಸ ಮಾಡಬಹುದು ಎಂಬ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಅದು ತಪ್ಪು.

ಕಾಲೇಜಿನ ಹಾಸ್ಟೆಲ್, ಅಡ್ಮಿಷನ್, ವಿದ್ಯಾರ್ಥಿ ಸಲಹೆಯಂಥ ವಿಭಾಗಗಳನ್ನು ನಡೆಸಲು ತಯಾರು ಮಾಡುವ ಕೋರ್ಸ್ ಇದು. ಇದಕ್ಕೆ ಒಪಿಟಿ 12 ತಿಂಗಳು ಮಾತ್ರ. ಇನ್ನೂ 24 ತಿಂಗಳು ಸಿಗುವುದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಕೋರ್ಸ್‌ಗಳಿಗೆ. ಅನುಮಾನವಿದ್ದರೆ ನಿಮ್ಮ ಐ-20 (ವೀಸಾಗಾಗಿ ಕಾಲೇಜು ಕೊಡುವ ಪ್ರವೇಶ ಪತ್ರ) ತೆಗೆದು ನೋಡಿ. ಕೋರ್ಸಿನ ಹೆಸರಿನ ಜೊತೆ 13.1102 ಅಥವಾ 13.0406 ಎಂಬ ಕೋರ್ಸ್ ಕೋಡ್ ಇದ್ದರೆ ಅದು ಸ್ಟೆಮ್ ಅಲ್ಲ. ಎಜುಕೇಷನಲ್ ಟೆಕ್ನಾಲಜಿಯ 13.0501ನಂಥ ಕೆಲವು ಕೋಡ್‌ಗಳು ಮಾತ್ರ ಪಟ್ಟಿಯಲ್ಲಿವೆ. ಎಲ್ಲವೂ 13ರಿಂದಲೇ ಶುರು, ಗೊಂದಲ ಸಹಜ ಅಲ್ವಾ?

ಹಾಗಂತ ಕೋರ್ಸೇ ದಂಡ ಎನ್ನಬೇಡಿ. ಅನೇಕ ಕಡೆ ಓದುತ್ತಲೇ ವಾರಕ್ಕೆ 20 ಗಂಟೆ ಹಾಸ್ಟೆಲ್ ಆಫೀಸಿನಲ್ಲಿ ದುಡಿದು ಫೀಸ್ ಉಳಿಸುವವರಿದ್ದಾರೆ.